ಮಡಿ ಕರೆಂಟು

ಮೇಷ್ಟ್ರು: ಸೂರ್ಯ ಎಲ್ಲಿದಾನೆ? ಕೈಯೆತ್ತಿ ತೋರಿಸು.

ಕಾವೇರಮ್ಮ: ಕೈಯೆತ್ತಕ್ಕಾಗಲ್ಲ ಅಂತ ತಾನೇ ಇಷ್ಟೆಲ್ಲ ಆಗಿದ್ದು? ಅಗೋ ನೋಡಿ, ತೆಂಗಿನಮರ ದಾಟಿ ಬಂದಿದಾನೆ.

ಮೇಷ್ಟ್ರು: ಬಂದಿದಾನಲ್ಲ? ರಜಾ ಹಾಕಿಲ್ಲವಲ್ಲ? ಮತ್ತೆ ಮೋಟಾರು ಯಾಕೆ ಬಾಯಿ ಮುಚ್ಕೊಂಡು ಕೂತಿದೆ?

ಕಾವೇರಮ್ಮ: ಕರೆಂಟ್ ಹೋಗಿದೆ ಕಣ್ರೀ.

ಮೇಷ್ಟ್ರು: ಹೋದರೆ ಹೋಗಲಿ! ಕರೆಂಟ್ ಆಫೀಸಿನವರ ಲೈನು ಹೋದರೆ ನಮಗೇನು? ನಮ್ಮದು ಸೋಲಾರು. ನೀನೇ ಹೇಳಿದ್ದು, ಇದೇ ಬಾವಿಕಟ್ಟೆ ಹತ್ತಿರ ನಿಂತ್ಕೊಂಡು. ಇದು ಸಾಕ್ಷಾತ್ ಸೂರ್ಯನಾರಾಯಣ ಸೇದಿಕೊಡೋ ನೀರು, ಇದಕ್ಕಿಂತ ಮಡಿ ಇನ್ನೊಂದಿಲ್ಲ ಅಂತ.

ಕಾವೇರಮ್ಮ: ನಾನು ಹೇಳಿದ್ದು ಒಂದೇ ಸಲ. ಅದನ್ನ ದೇವಸ್ಥಾನದಲ್ಲಿ ನಿಮ್ಮ ಮಾತು ಅಂತ ನೂರು ಸಲ ಹೇಳ್ಕೊಂಡು ತಿರುಗಿದೋರು ನೀವು.

ಮೇಷ್ಟ್ರು: ಅದಕ್ಕೇ ಈಗ ಮರ್ಯಾದೆ ಹೋಗ್ತಿರೋದು ನಂದು!

ಹೊಳೆನರಸೀಪುರದ ಕೋಟೆಬೀದಿಯ ಆ ಮನೆಯ ಹಿತ್ತಲಿನಲ್ಲಿ ಆಗ ಬೆಳಗಿನ ಎಂಟು ಗಂಟೆ. ಸಂಪತ್ಕುಮಾರ ಮೇಷ್ಟ್ರು ಐದೂವರೆಗೆ ಸ್ನಾನ ಮಾಡಿ ಉಟ್ಟ ಒದ್ದೆ ಪಂಚೆ ಮೈಮೇಲೆಯೇ ಒಣಗಿ ಗರಿಗರಿಯಾಗಿತ್ತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಈ ಮನುಷ್ಯನಿಗೆ ಪೂಜೆಯಾಗದೆ ಕಾಫಿ ಇಲ್ಲ. ಬಾವಿಯ ಮಡಿನೀರಿಲ್ಲದೆ ಪೂಜೆ ಇಲ್ಲ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಸ್ನಾನಕ್ಕೆ ಆದೀತು, ದೇವರಿಗೆ ಆಗದು. ಕಾಫಿ ಕುಡಿಯದ ಮೇಷ್ಟ್ರು ಎಂಥವರು ಎಂಬುದು ಅವರ ಹಳೆಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಅವರಿಗಿಂತ ಚೆನ್ನಾಗಿ ಕಾವೇರಮ್ಮನಿಗೆ ಗೊತ್ತು.

ಆದರೆ ಆ ಬೆಳಿಗ್ಗೆ ಕಾವೇರಮ್ಮನಿಗೆ ಹೆದರಿಕೆಯಿದ್ದುದು ಕಾಫಿಯ ವಿಷಯಕ್ಕಲ್ಲ. ಮದುವೆಯಾಗಿ ಬಂದ ಮಾರನೆಯ ದಿನದಿಂದ ಮೂವತ್ತೊಂಬತ್ತು ವರ್ಷ ಅವರು ಆ ಬಾವಿಯಿಂದ ದಿನಕ್ಕೆ ಹನ್ನೆರಡು ಬಿಂದಿಗೆ ನೀರು ಸೇದಿದ್ದರು. ಎರಡು ವರ್ಷದ ಹಿಂದೆ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೂ ಏಳದು. ಹಾಸನದ ಡಾಕ್ಟರು ಇನ್ನು ಬಾವಿಯ ತಂಟೆಗೆ ಹೋಗಬೇಡಿ ಎಂದರು. ಮನೆಗೆ ಬಂದು ಹೇಳಿದರೆ ಮೇಷ್ಟ್ರು, ಮೋಟಾರಿನ ನೀರು ಮಡಿಯಲ್ಲ, ನಾಮಸ್ಮರಣೆ ಮಾಡುತ್ತಾ ಸೇದು, ನೋವು ತಿಳಿಯುವುದಿಲ್ಲ ಎಂದರು. ಆಗಲಿ ಎಂದರು ಕಾವೇರಮ್ಮ. ಮಾರನೆಯ ದಿನದಿಂದ ನಾಮಸ್ಮರಣೆ ಮಾಡುತ್ತಾ ಮೋಟಾರಿನ ಗುಂಡಿ ಒತ್ತಿದರು.

ಟ್ಯಾಂಕು ತುಂಬಿಸಲು ನಸುಕಿನಲ್ಲಿ ಹೇಗೂ ಮೋಟಾರು ಹಾಕಲೇಬೇಕಿತ್ತು. ಅದೇ ಪೈಪಿನಿಂದ ಅಡುಗೆಮನೆಯ ಗೋಡೆಗೆ ಒಂದು ನಲ್ಲಿ ಹಾಕಿಸಿಕೊಂಡರು, ಅಷ್ಟೇ. ಮೇಷ್ಟ್ರು ಸ್ನಾನ ಮುಗಿಸಿ ಬರುವ ಹೊತ್ತಿಗೆ ತಾಮ್ರದ ಬಿಂದಿಗೆಗಳು ಮಡಿಯಾಗಿ ಸಾಲಾಗಿ ಕೂತಿರುತ್ತಿದ್ದವು. ಕರೆಂಟಿಲ್ಲದ ದಿನ ಮಾತ್ರ ಪಕ್ಕದ ಮನೆಯ ಪ್ರೇಮಕುಮಾರಿ ತನ್ನ ಸಂಪಿನಿಂದ ಎರಡು ಬಿಂದಿಗೆ ಮೊಗೆದು ಕಾಂಪೌಂಡಿನ ಮೇಲಿಂದ ದಾಟಿಸುತ್ತಿದ್ದಳು. ಈ ಕಳ್ಳಾಟ ಸಾಕಾಗಿತ್ತು. ಆರು ವಾರದ ಹಿಂದೆ, ಹಾಸನದಲ್ಲಿ ಲೆಕ್ಚರರ್ ಆಗಿರುವ ಮಗಳು ಇಂಚರ ಮಾಳಿಗೆಗೆ ಸೋಲಾರ್ ಹಾಕಿಸಿದಾಗ, ಕಾವೇರಮ್ಮ ಸೂರ್ಯನಾರಾಯಣನನ್ನೇ ವಾದಕ್ಕೆ ಎಳೆದು ತಂದು ಮೋಟಾರಿಗೆ ಬಹಿರಂಗವಾಗಿ ಮಡಿಯ ಪಟ್ಟ ಕಟ್ಟಿಸಿದ್ದರು. ಇನ್ನು ಕರೆಂಟು ಹೋದರೂ ಚಿಂತೆಯಿಲ್ಲ ಎಂದುಕೊಂಡಿದ್ದರು. ಇವತ್ತು ನಾಲ್ಕೂವರೆಗೆ ಕರೆಂಟು ಹೋಯಿತು. ಪ್ರೇಮಕುಮಾರಿ ನೋಡಿದರೆ ಚನ್ನರಾಯಪಟ್ಟಣದ ಅಕ್ಕನ ಮನೆಗೆ ಹೋಗಿದ್ದಾಳೆ. ಈಗ ಮೇಷ್ಟ್ರು ಮತ್ತೆ ಹಗ್ಗ ಹಿಡಿ ಎಂದರೆ ಭುಜವೂ ಹೋಯಿತು, ಎರಡು ವರ್ಷದ ಗುಟ್ಟೂ ಹೋಯಿತು.

ಮೇಷ್ಟ್ರು: ಸಾಕು ಈ ಯಂತ್ರದ ಸಹವಾಸ. ಹಗ್ಗ ತಗೊಂಡು ಬಾ. ಆರು ವಾರದ ಹಿಂದೆ ಹೇಗೆ ಸೇದ್ತಿದ್ಯೋ ಹಾಗೇ ಸೇದಿಬಿಡು.

ಕಾವೇರಮ್ಮ: ಹಾಗೇ ಸೇದೋಕೆ ಕರೆಂಟ್... ಅಂದ್ರೆ, ಸ್ವಲ್ಪ ತಡೀರಿ. ಸೋಲಾರ್ ಹಾಕಿದ ನಂಜುಂಡೇಶಂಗೆ ಫೋನ್ ಮಾಡಿದೀನಿ. ಕಟ್ಟಾಯದಿಂದ ಹೊರಟೆ ಅಂದ.

ಮೇಷ್ಟ್ರು: ಅವನು ಕಟ್ಟಾಯದಿಂದ ಬರೋ ಹೊತ್ತಿಗೆ ನಾನು ಕಾಫಿ ಕುಡಿಯೋ ವಯಸ್ಸು ದಾಟಿರ್ತೀನಿ. ಹಗ್ಗ ಎಲ್ಲಿ?

ಕಾವೇರಮ್ಮ: ಅಗೋ, ಬೈಕ್ ಸದ್ದು! ಬಂದ!

ಮೇಷ್ಟ್ರು ಬಾಗಿಲಿಗೆ ಹೋಗಿ ನೋಡಿದರು. ಹಾಲಿನವನು. ವಾಪಸು ಬಂದು ಹಗ್ಗ ಎಂದು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಬೈಕು ಬಂದು ನಿಂತಿತು. ಈ ಸಲ ನಿಜವಾಗಿಯೂ ಸೋಲಾರ್ ಕೂರಿಸಿದ ನಂಜುಂಡೇಶನೇ. ನಲವತ್ತರ ಆಸುಪಾಸಿನವನು, ಮೇಷ್ಟ್ರ ಹಳೆಯ ಶಿಷ್ಯ, ಸಂಸ್ಕೃತದಲ್ಲಿ ಮೂರು ಸಲ ಡುಮ್ಕಿ ಹೊಡೆದವನು. ಇವತ್ತಿಗೂ ಮೇಷ್ಟ್ರ ಮುಂದೆ ನಿಂತರೆ ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಗುತ್ತದೆ.

ನಂಜುಂಡೇಶ್: ನಮಸ್ಕಾರ ಸಾ. ಏನ್ ಸಾ, ಇನ್ನೂ ಪೂಜೆ ಆಗಿಲ್ವಾ? ಒದ್ದೆ ಪಂಚೇಲೇ ಇದ್ದೀರಿ.

ಮೇಷ್ಟ್ರು: ಒದ್ದೆ ಇತ್ತು. ಒಣಗಿದೆ. ಸೂರ್ಯ ಇವತ್ತು ಈ ಮನೇಲಿ ಮಾಡಿರೋ ಕೆಲಸ ಅದೊಂದೇ.

ನಂಜುಂಡೇಶ್ ಹಿತ್ತಲ ಜಗುಲಿಯ ಗೋಡೆಗೆ ಹಾಕಿದ್ದ ಇನ್ವರ್ಟರ್ ಪೆಟ್ಟಿಗೆಯ ಮುಂದೆ ಹೋಗಿ ಬಗ್ಗಿ ನೋಡಿದ. ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು.

ನಂಜುಂಡೇಶ್: ಎಲ್ಲಾ ಸರಿಯಾಗೇ ಅದೆ ಸಾ.

ಮೇಷ್ಟ್ರು: ಸರಿಯಾಗಿದ್ರೆ ಯಾಕೋ ಓಡ್ತಿಲ್ಲ?

ನಂಜುಂಡೇಶ್: ಸರಿಯಾಗಿರೋದ್ಕೇ ಓಡ್ತಿಲ್ಲ ಸಾ. ಈಗ ಓಡಿದ್ರೆ ಕೆಟ್ಟೋಗ್ಯದೆ ಅಂತ ಅರ್ಥ.

ಮೇಷ್ಟ್ರು: ಕೇಳಿಸ್ಕೊಂಡ್ಯಾ ಕಾವೇರಿ? ಇದಕ್ಕೇ ಇವನಿಗೆ ಮೂವತ್ತೈದು ಕೊಡಲಿಲ್ಲ ನಾನು.

ನಂಜುಂಡೇಶ್: ಅಂಗಲ್ಲ ಸಾ. ಕರೆಂಟ್ ಓದ್ರೆ ಲೈನ್‌ಮ್ಯಾನು ರಿಪೇರಿಗೆ ಅಂತ ಕಂಬ ಅತ್ತತಾನೆ. ಆ ಹೊತ್ನಲ್ಲಿ ನಿಮ್ಮನೆ ಸೋಲಾರ್ ಕರೆಂಟು ಕಂಬಕ್ಕೋದ್ರೆ ಅವ್ನು ಅಲ್ಲೇ ಕರಕಲಾಗೋಯ್ತಾನೆ. ಅದ್ಕೇಯ, ಲೈನು ಓಯ್ತಿದ್ದಂಗೆ ಇದೂ ತಂತಾನೇ ಬಾಗ್ಲಾಕ್ಕಂತದೆ.

ಮೇಷ್ಟ್ರು: ನಮ್ಮನೆ ಕರೆಂಟು ಕಂಬಕ್ಕೆ ಯಾಕೋ ಹೋಗುತ್ತೆ?

ನಂಜುಂಡೇಶ್: ಅಗ್ಲೊತ್ತು ನಿಮ್ಗೆ ಎಚ್ಚಾಗಿದ್ದು ಬೀದಿಗೆ ಓಯ್ತದೆ ಸಾ.

ಮೇಷ್ಟ್ರು: ಬೀದಿಗೆ ಅಂದ್ರೆ ಯಾರಿಗೆ?

ನಂಜುಂಡೇಶ್: ಯಾರ್ ಅತ್ರ ಅವ್ರೋ ಅವ್ರಿಗೆ. ಆ ಮೂಲೆ ಮೊಟ್ಟೆ ಅಂಗ್ಡೀಲಿ ದೊಡ್ ಫ್ರಿಜ್ಜದೆ ನೋಡಿ, ಮದ್ಯಾನ ಎಲ್ಲಾ ಅದೇ ಎಳ್ಕಂತದೆ.

ಮೇಷ್ಟ್ರು: ನಾರಾಯಣ! ನಮ್ಮ ಸೂರ್ಯನಾರಾಯಣ ಮಧ್ಯಾಹ್ನದ ಹೊತ್ತು ಮೊಟ್ಟೆ ಕಾಯ್ತಿದಾನೇನೋ?

ಕಾವೇರಮ್ಮ: ಕಾದರೆ ಏನಂತೆ? ಬಿಸಿಲು ಮೊಟ್ಟೆ ಅಂಗಡಿ ಮೇಲೂ ಬೀಳುತ್ತೆ, ದೇವಸ್ಥಾನದ ಮೇಲೂ ಬೀಳುತ್ತೆ. ಸೂರ್ಯ ಯಾವತ್ತು ಮೈಲಿಗೆ ಆಗಿದಾನೆ?

ಮೇಷ್ಟ್ರು: ಮೇಲಿರೋವರೆಗೂ ಆಗಲ್ಲ. ತಂತಿಯೊಳಗೆ ಇಳಿದ ಮೇಲೆ ಆಗ್ತಾನೆ.

ಕಾವೇರಮ್ಮ: ಇದು ಯಾವ ಶಾಸ್ತ್ರದಲ್ಲಿದೆ?

ಮೇಷ್ಟ್ರು: ಈಗ ಹೊಳೀತು.

ಕಾವೇರಮ್ಮ ಮುಖ ತಿರುಗಿಸಿ ಸೆರಗಿನಲ್ಲಿ ನಗು ಒರೆಸಿಕೊಂಡರು. ಮೇಷ್ಟ್ರು ಬಾವಿಕಟ್ಟೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮನಸ್ಸಿಗೆ ಸ್ವಲ್ಪ ಸಮಾಧಾನ ತಂದುಕೊಂಡರು.

ಮೇಷ್ಟ್ರು: ಹೋಗಲಿ. ಕೊಟ್ಟಿದ್ದು ಮೊಟ್ಟೆ ಅಂಗಡಿಗೆ ಹೋಯ್ತು ಅಂತ ಇಟ್ಕೊಳ್ಳೋಣ, ಅದು ಅವರ ಪುಣ್ಯ. ನಾವು ತಗೊಂಡಿದ್ದಂತೂ ಶುದ್ಧ ತಾನೆ? ಇವಳು ದಿನಾ ನಾಲ್ಕೂವರೆಗೆ ಎದ್ದು ಮೋಟಾರು ಹಾಕ್ತಾಳೆ. ಅದು ಸೂರ್ಯಂದೇ ತಾನೆ?

ಕಾವೇರಮ್ಮ ಕೆಮ್ಮಿದರು. ಮೊದಲನೆಯ ಕೆಮ್ಮು ನಂಜುಂಡೇಶನಿಗೆ ತಲುಪಲಿಲ್ಲ. ಎರಡನೆಯದು ತಲುಪುವಷ್ಟರಲ್ಲಿ ಅವನ ಬಾಯಿ ತೆರೆದಾಗಿತ್ತು.

ನಂಜುಂಡೇಶ್: ನಾಕೂವರೆಗಾ? ಅಷ್ಟೊತ್ಗೆ ಸೂರ್ಯನೇ ಎದ್ದಿರಾಕಿಲ್ವಲ್ಲ ಸಾ!

ಮೇಷ್ಟ್ರು ಮೆಲ್ಲಗೆ ಬಾವಿಕಟ್ಟೆಯ ಮೇಲೆ ಕೂತರು. ಇಷ್ಟು ಸರಳವಾದ ವಿಷಯ ಆರು ವಾರ ತಮಗೂ ಹೊಳೆಯಲಿಲ್ಲ, ದೇವಸ್ಥಾನದಲ್ಲಿ ತಲೆದೂಗಿದ ಅಷ್ಟು ಜನಕ್ಕೂ ಹೊಳೆಯಲಿಲ್ಲ.

ಮೇಷ್ಟ್ರು: ಅಂದ್ರೆ... ದಿನಾ ಬೆಳಿಗ್ಗೆ ದೇವರಿಗೆ ಅಭಿಷೇಕ ಮಾಡಿದ್ದು?

ನಂಜುಂಡೇಶ್: ಆಫೀಸಿನ ಕರೆಂಟ್ನಲ್ಲೇ ಸಾ. ನೀವು ಅಗ್ಲೊತ್ತು ಬೀದಿಗೆ ಕೊಡೋದು, ಬೆಳಗಿನ ಜಾವ ಬೀದಿಯಿಂದ ಈಸ್ಕಳದು. ಅಷ್ಟೇಯ.

ಕಾವೇರಮ್ಮ: ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಟ್ಟು ಇನ್ನೊಂದು ದಿನ ವಾಪಸ್ ಈಸ್ಕೊಳ್ಳೋ ಹಾಗೆ. ಅವರು ಕೊಡೋದು ಅದೇ ಸಕ್ಕರೆನಾ? ಆದರೂ ಸಕ್ಕರೆ ತಾನೆ?

ಮೇಷ್ಟ್ರು: ನಿನಗೆ ಎಲ್ಲಾ ಅಡುಗೆಮನೆ ಡಬ್ಬಿಯೊಳಗೇ ಕಾಣುತ್ತೆ. ಮೊಟ್ಟೆ ಅಂಗಡಿಯಿಂದ ಸಕ್ಕರೆ ಈಸ್ಕೊಂಡಿದೀವಿ ಕಣೇ ನಾವು! ಆರು ವಾರ!

ಕಾವೇರಮ್ಮ ಒಳಗೆ ಹೋಗಿ ನಂಜುಂಡೇಶನಿಗೆ ಕಾಫಿ ತಂದರು. ಮಾತಾಡುವ ಬಾಯಿಗೆ ಬೇರೆ ಕೆಲಸ ಕೊಡುವುದು ಮೊದಲ ಉದ್ದೇಶ. ಲೋಟದ ಹಬೆ ಹಿತ್ತಲು ತುಂಬ ಹರಡಿತು. ಮೇಷ್ಟ್ರು ಅತ್ತ ನೋಡದೆ ಕೂತರು, ಆದರೆ ಮೂಗಿಗೆ ಮುಚ್ಚಳವಿಲ್ಲ.

ನಂಜುಂಡೇಶ್: ಇದ್ಕೊಂದು ದಾರಿ ಅದೆ ಸಾ. ಈ ಪೆಟ್ಗೆ ಬದಲಾಯ್ಸಿ ಒಂದು ಬ್ಯಾಟ್ರಿ ಮಡಗ್ಬುಡಾನ. ಅಗ್ಲೊತ್ತೆಲ್ಲ ಬಿಸ್ಲು ತುಂಬ್ಕಂತದೆ. ರಾತ್ರಿ ಇಟ್ಕಂಡಿದ್ದು ಬೆಳಗಿನ ಜಾವ ಕೊಡ್ತದೆ. ಲೈನು ಇರ್ಲಿ ಬುಡ್ಲಿ, ಮೋಟ್ರು ಓಡ್ತದೆ. ಮೊಟ್ಟೆ ಅಂಗ್ಡಿ ಸವಾಸನೇ ಇಲ್ಲ.

ಕಾವೇರಮ್ಮನ ಮುಖ ಅರಳಿತು. ಆದರೆ ಮೇಷ್ಟ್ರ ಹುಬ್ಬು ಮೇಲಕ್ಕೇರಿತು. ಮೂವತ್ತೆರಡು ವರ್ಷ ಹುಡುಗರನ್ನು ಹಲಗೆಯ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುವಾಗ ಏರುತ್ತಿದ್ದ ಹುಬ್ಬು ಅದು.

ಮೇಷ್ಟ್ರು: ಅಂದ್ರೆ ಹಿಂದಿನ ದಿನದ ಬಿಸಿಲು?

ನಂಜುಂಡೇಶ್: ಊಂ ಸಾ.

ಮೇಷ್ಟ್ರು: ರಾತ್ರಿಯೆಲ್ಲ ಡಬ್ಬಿಯೊಳಗೆ ಮುಚ್ಚಿಟ್ಟಿದ್ದು?

ನಂಜುಂಡೇಶ್: ಊಂ ಸಾ, ಭದ್ರವಾಗಿ.

ಮೇಷ್ಟ್ರು: ಅದು ತಂಗಳು ಕಣೋ!

ನಂಜುಂಡೇಶ್ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕಾವೇರಮ್ಮನ ಕಡೆ ನೋಡಿದ. ಅವನು ಜಿಲ್ಲೆಯಲ್ಲಿ ಇನ್ನೂರು ಮನೆಗೆ ಸೋಲಾರ್ ಕೂರಿಸಿದ್ದ. ಈ ದೂರು ಎಲ್ಲೂ ಬಂದಿರಲಿಲ್ಲ.

ನಂಜುಂಡೇಶ್: ಕರೆಂಟು ಅಳಸಾಕಿಲ್ಲ ಸಾ.

ಮೇಷ್ಟ್ರು: ಹಳಸದಿದ್ರೂ ತಂಗಳು ತಂಗಳೇ. ರಾತ್ರಿ ಉಳಿದ ಅನ್ನ ಹಳಸಿಲ್ಲ ಅಂತ ಬೆಳಿಗ್ಗೆ ನೈವೇದ್ಯಕ್ಕೆ ಇಡ್ತೀವಾ? ತಂಗಳು ಬಿಸಿಲಲ್ಲಿ ಸೇದಿದ ನೀರು ದೇವರ ತಲೆ ಮೇಲೆ ಹಾಕು ಅಂತೀಯಾ?

ಕಾವೇರಮ್ಮ: ಒಂದು ಮಾತು ಕೇಳಲಾ? ನಿಮ್ಮ ಕಾಫಿ ಡಿಕಾಕ್ಷನ್ ಯಾವಾಗ ಇಳಿಸೋದು?

ಮೇಷ್ಟ್ರು: ಈಗ ಅದ್ಯಾಕೆ?

ಕಾವೇರಮ್ಮ: ಹೇಳಿ.

ಮೇಷ್ಟ್ರು: ...ರಾತ್ರಿ.

ಕಾವೇರಮ್ಮ: ಬೆಳಿಗ್ಗೆ ಅದನ್ನ ಕುಡಿಯೋರು ಯಾರು?

ಮೇಷ್ಟ್ರು: ಕಾಫಿಗೆ ದೋಷವಿಲ್ಲ.

ಕಾವೇರಮ್ಮ: ಯಾವ ಶಾಸ್ತ್ರದಲ್ಲಿದೆ?

ಮೇಷ್ಟ್ರು: ಶಾಸ್ತ್ರ ಬರೆಯೋ ಕಾಲದಲ್ಲಿ ಕಾಫಿ ಎಲ್ಲಿತ್ತೇ?

ಕಾವೇರಮ್ಮ: ಬ್ಯಾಟರಿ ಇತ್ತೇನು?

ನಂಜುಂಡೇಶನಿಗೆ ಕಾಫಿ ನೆತ್ತಿಗೇರಿತು. ಮೇಷ್ಟ್ರು ಅವನ ಕಡೆ ತಿರುಗಿ ಒಂದು ನೋಟ ಬಿಟ್ಟರು. ಅವನ ಒಂದು ಕೈ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು.

ನಂಜುಂಡೇಶ್: ಬುಡಿ ಸಾ, ಇನ್ನೊಂದದೆ. ನಮ್ ತ್ವಾಟಕ್ಕೆ ಆಕಿವ್ನಿ. ಅದ್ಕೆ ಬ್ಯಾಟ್ರಿನೂ ಇಲ್ಲ, ಲೈನೂ ಇಲ್ಲ. ಮೇಲಿನ ಸೋಲಾರ್ ಅಲ್ಗೆಯಿಂದ ಸೀದಾ ಮೋಟ್ರಿಗೆ. ಬಿಸ್ಲು ಬಂತಾ, ನೀರು ಬಂತು.

ಮೇಷ್ಟ್ರು: ಹಾಂ! ಅದು ಮಡಿ ಅಂದ್ರೆ! ಆಗ ತಾನೇ ಇಳಿದ ಬಿಸಿಬಿಸಿ ಬಿಸಿಲು. ಇದನ್ನ ಮೊದಲೇ ಹೇಳೋದಲ್ವೇನೋ ಪೆದ್ದ? ಅದನ್ನೇ ಹಾಕು. ನಾಲ್ಕೂವರೆಗೆ ಸರಿಯಾಗಿ ನೀರು ಬರೋ ಹಾಗೆ ಮಾಡು.

ನಂಜುಂಡೇಶ್: ನಾಕೂವರೆಗೆ ಎಂಗ್ ಬತ್ತದೆ ಸಾ? ಎಂಟೂವರೆ ಆಗ್ಬೇಕು ಒಳ್ಳೆ ಬಿಸ್ಲು ಬರಾಕೆ. ಮೋಡ ಇದ್ರೆ ಅತ್ ಗಂಟೆ.

ಮೇಷ್ಟ್ರು: ನಮ್ಮ ದೇವರು ಐದೂವರೆಗೆ ಏಳ್ತಾನೆ ಕಣೋ!

ಕಾವೇರಮ್ಮ: ಅವನಾಗಿ ಎಲ್ಲಿ ಏಳ್ತಾನೆ, ನೀವು ಗಂಟೆ ಬಾರಿಸಿ ಎಬ್ಬಿಸೋದು. ಸೂರ್ಯನೂ ದೇವರೇ. ಅವನನ್ನ ನೋಡಿ, ಯಾರ ಗಂಟೆಗೂ ಏಳಲ್ಲ. ಪೂಜೆ ಎಂಟೂವರೆಗೆ ಇಟ್ಕೊಳ್ಳಿ.

ಮೇಷ್ಟ್ರು: ಎಂಟೂವರೆಗೆ ಪೂಜೆ ಶುರುವಾದ್ರೆ ನನ್ನ ಕಾಫಿ ಒಂಬತ್ತೂವರೆಗೆ!

ಕಾವೇರಮ್ಮ: ಅಲ್ಲಿಗೆ ಬಂತು ನೋಡಿ ಭಕ್ತಿ.

ಮೇಷ್ಟ್ರು ಎದ್ದು ನಿಂತರು. ವಾದದಲ್ಲಿ ಸೋತಾಗಲೆಲ್ಲ ಎದ್ದು ನಿಲ್ಲುವುದು ಅವರ ಅಭ್ಯಾಸ.

ಮೇಷ್ಟ್ರು: ಮುಗೀತು. ಲೈನೂ ಬೇಡ, ಬ್ಯಾಟರಿನೂ ಬೇಡ. ನಮ್ಮ ಮನೆಯವರು ತಲೆತಲಾಂತರದಿಂದ ಕೈಯಲ್ಲಿ ಸೇದಿದಾರೆ.

ಕಾವೇರಮ್ಮ: ಮನೆಯವರು ಅಂದ್ರೆ ಮನೆಗೆ ಬಂದ ಸೊಸೇರು. ನೀವು ಯಾವತ್ತಾದರೂ ಒಂದು ಬಿಂದಿಗೆ ಸೇದಿದೀರಾ?

ಮೇಷ್ಟ್ರು: ಸೇದದೇ ಇರಬಹುದು, ರುಚಿ ಗೊತ್ತಿಲ್ವೇ? ನಂಜುಂಡೇಶ, ಕೈಯಲ್ಲಿ ಸೇದಿದ ನೀರಿನ ರುಚಿನೇ ಬೇರೆ ಕಣೋ. ಒಂದು ಹನಿ ನಾಲಗೆ ಮೇಲೆ ಬಿದ್ದರೆ ಸಾಕು, ಹೇಳಿಬಿಡ್ತೀನಿ. ಈ ಆರು ವಾರ ತೀರ್ಥ ಬರೀ ಸಪ್ಪೆ. ಅದಕ್ಕೆ ಮೊದಲು ಇವಳು ಕೈಯಲ್ಲಿ ಸೇದಿಡ್ತಿದ್ದಳಲ್ಲ, ಆಹಾ! ಹೋದ ಶ್ರಾವಣದಲ್ಲಿ ಒಂದು ದಿನ ಕರೆಂಟಿರಲಿಲ್ಲ. ಪಾಪ, ಕತ್ತಲಲ್ಲೇ ಸೇದಿಟ್ಟಿದ್ದಳು. ಅವತ್ತಿನ ತೀರ್ಥ ಇದೆಯಲ್ಲ, ಅಮೃತ! ಜನ್ಮದಲ್ಲಿ ಮರೆಯೋದಿಲ್ಲ ನಾನು.

ಕಾವೇರಮ್ಮನಿಗೂ ಆ ದಿನ ನೆನಪಿತ್ತು. ಕಾಂಪೌಂಡಿನ ಆಚೆಯಿಂದ ಪ್ರೇಮಕುಮಾರಿ ಬಿಂದಿಗೆ ದಾಟಿಸಿದ್ದೂ ನೆನಪಿತ್ತು. ನಗು ಬರದ ಹಾಗೆ ಅವರು ತೊಡೆ ಚಿವುಟಿಕೊಂಡರು.

ಮೇಷ್ಟ್ರು: ಎಲ್ಲಿ ಹಗ್ಗ?

ಕಾವೇರಮ್ಮ: ಇಲ್ಲೇ ಎಲ್ಲೋ ಇರಬೇಕು. ಅಟ್ಟದ ಮೇಲೆ... ನಾಳೆ ಹುಡುಕಿದ್ರಾಯ್ತು.

ಮೇಷ್ಟ್ರು: ಬಾವಿ ಹಗ್ಗ ಅಟ್ಟಕ್ಕೆ ಯಾಕೆ ಹೋಯ್ತು? ಏಯ್ ನಂಜುಂಡೇಶ, ಹುಡುಕೋ.

ಗುರುಗಳ ಅಪ್ಪಣೆ. ನಂಜುಂಡೇಶ್ ಲೋಟ ಕೆಳಗಿಟ್ಟು ಉತ್ಸಾಹದಿಂದ ಹುಡುಕಿದ. ರಾಟೆ ನೋಡಿದ, ಒಗೆಯುವ ಕಲ್ಲಿನ ಹಿಂದೆ ನೋಡಿದ, ಬಚ್ಚಲಮನೆಗೆ ಇಣುಕಿದ. ಕಡೆಗೆ ತಲೆಯೆತ್ತಿದ.

ನಂಜುಂಡೇಶ್: ಅಯ್ಯೋ, ನಿಮ್ ತಲೆ ಮೇಲೇ ಅದ್ಯಲ್ಲ ಸಾ!

ಸೀಬೆಮರದಿಂದ ಬಚ್ಚಲಮನೆಯ ಕಿಟಕಿಯವರೆಗೆ ಎಳೆದು ಕಟ್ಟಿದ ಹಗ್ಗ. ಅದರ ಮೇಲೆ ಮೇಷ್ಟ್ರ ಮೂರು ಮಡಿಪಂಚೆಗಳು ಬಿಸಿಲಿಗೆ ಬೆನ್ನು ಕೊಟ್ಟು ಒಣಗುತ್ತಿದ್ದವು.

ಮೇಷ್ಟ್ರು: ಅದು ಬಟ್ಟೆ ಒಣಹಾಕೋ ಹಗ್ಗ ಕಣೋ.

ನಂಜುಂಡೇಶ್: ಅಲ್ಲ ಸಾ, ಬಾವಿ ಅಗ್ಗ. ಬಿಂದ್ಗೆ ಕುಣಿಕೆ ಕೊನೇಲಿ ಅಂಗೇ ಅದೆ ನೋಡಿ. ಕಟ್ಟಿ ಬಾಳಾ ದಿವ್ಸ ಆಗ್ಯದೆ. ಗಂಟು ಮರದ ತೊಗಟೆ ಒಳೀಕೇ ಓಗ್ಬುಟ್ಟದೆ. ಏನಿಲ್ಲ ಅಂದ್ರೂ ಎಲ್ಡು ವರ್ಸ...

ಹೇಳುತ್ತ ಹೇಳುತ್ತ ಅವನಿಗೆ ಕಾವೇರಮ್ಮನ ಮುಖ ಕಂಡಿತು. ತಾನು ಏನೋ ಎಡವಟ್ಟು ಮಾಡಿದೆನೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಲೋಟ ಎತ್ತಿಕೊಂಡು ಖಾಲಿ ಲೋಟವನ್ನೇ ಕುಡಿಯತೊಡಗಿದ.

ಮೇಷ್ಟ್ರು: ಸೋಲಾರ್ ಬಂದು ಆರು ವಾರ. ಹಗ್ಗ ಮರಕ್ಕೆ ಹೋಗಿ ಎರಡು ವರ್ಷ. ನಡುವೆ ನೀರು ಸೇದಿದ್ದು ಯಾತರಲ್ಲಿ ಕಾವೇರಿ?

ಕಾವೇರಮ್ಮ: ಮೋಟಾರಲ್ಲಿ.

ಮೇಷ್ಟ್ರು: ದಿನಾ?

ಕಾವೇರಮ್ಮ: ದಿನಾ.

ಮೇಷ್ಟ್ರು: ಮತ್ತೆ ಆ ಶ್ರಾವಣದ ಅಮೃತ?

ಕಾವೇರಮ್ಮ: ಅವತ್ತು ಕರೆಂಟಿರಲಿಲ್ಲ ಅಂತ ನೀವೇ ಹೇಳಿದ್ರಲ್ಲ. ಪ್ರೇಮಕುಮಾರಿ ಮನೆ ಸಂಪಿಂದು. ಮುನಿಸಿಪಾಲಿಟಿ ನೀರು.

ನಂಜುಂಡೇಶ್: ಕ್ಲೋರಿನ್ ರುಚಿ ಇರ್ಬೇಕು ಸಾ ಅದು.

ಮೇಷ್ಟ್ರು: ನೀನು ಬಾಯಿ ಮುಚ್ಚು!

ಕಾವೇರಮ್ಮ ಬೈಗುಳಕ್ಕೆ ಕಾದು ನಿಂತರು. ಎರಡು ವರ್ಷದಿಂದ ಹೆದರಿದ್ದ ಗಳಿಗೆ ಬಂದೇ ಬಿಟ್ಟಿತ್ತು; ಬಂದ ಮೇಲೆ ನೋಡಿದರೆ ಹೆದರಿಕೆಯೇ ಇರಲಿಲ್ಲ, ಬರೀ ಸಿಟ್ಟಿತ್ತು.

ಮೇಷ್ಟ್ರು: ನನಗೆ ಒಂದು ಮಾತು ಹೇಳಬಾರದಿತ್ತಾ?

ಕಾವೇರಮ್ಮ: ಹೇಳಿದ್ದೆ. ಒಂದಲ್ಲ, ಮೂರು ಮಾತು. ಭುಜ ಏಳ್ತಿಲ್ಲ ಅಂದೆ. ಡಾಕ್ಟರ್ ಬೇಡ ಅಂದ್ರು ಅಂದೆ. ರಾತ್ರಿ ನಿದ್ದೆ ಬರಲ್ಲ ಅಂದೆ. ನಾಮಸ್ಮರಣೆ ಮಾಡು ಅಂದ್ರಿ. ದೇವರಿಗೆ ಬೇಜಾರಾಗಿದ್ರೆ ಎರಡು ವರ್ಷದಲ್ಲಿ ಒಂದು ದಿನ ತೋರಿಸಿಕೊಡ್ತಿದ್ದ. ಅವನು ಸುಮ್ಮನಿದ್ದ. ಅವನಿಗಾದರೂ ಕಂಡಿತಲ್ಲ ನನ್ನ ಭುಜ.

ಮೇಷ್ಟ್ರು ಹೆಂಡತಿಯನ್ನು ಆ ಬೆಳಿಗ್ಗೆ ಮೊದಲ ಸಲ ಸರಿಯಾಗಿ ನೋಡಿದರು. ಯಾವತ್ತೂ ಬಿಗಿಯಾಗಿ ಹೆಣೆದಿರುತ್ತಿದ್ದ ಜಡೆ ಇವತ್ತು ಇರಲಿಲ್ಲ. ಕೂದಲು ಬೆನ್ನ ಮೇಲೆ ಹರಡಿತ್ತು.

ಮೇಷ್ಟ್ರು: ಇವತ್ತು ಯಾಕೆ ತಲೆ ಬಾಚಿಲ್ಲ?

ಕಾವೇರಮ್ಮ: ಪ್ರೇಮಕುಮಾರಿ ಊರಲ್ಲಿಲ್ಲ.

ಮೇಷ್ಟ್ರು: ನಿನ್ನ ತಲೆ ಬಾಚೋಕೆ ಅವಳ್ಯಾಕೆ?

ಕಾವೇರಮ್ಮ: ಎರಡು ವರ್ಷದಿಂದ ದಿನಾ ಅವಳೇ ಹಾಕೋದು ನನ್ನ ಜಡೆ. ಕಾಂಪೌಂಡ್ ಹತ್ತಿರ ಹೋಗಿ ಬೆನ್ನು ಮಾಡ್ಕೊಂಡು ನಿಂತ್ಕೊಳ್ತೀನಿ. ಹರಟೆ ಹೊಡೆಯೋಕೆ ಹೋಗ್ತಾಳೆ ಅಂತ ನೀವು ಬೈತೀರಿ.

ಮೇಷ್ಟ್ರಿಗೆ ನಾಚಿಕೆಯಾಯಿತು. ಅವರಿಗೆ ಅದು ಅಭ್ಯಾಸವಿಲ್ಲದ ಸಂಗತಿಯಾದ್ದರಿಂದ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಬಾವಿಯೊಳಗೆ ಬಗ್ಗಿ ನೋಡಿದರು. ಅಲ್ಲಿಯೂ ಅದೇ ಮುಖ ಕಂಡಿತು.

ಮೇಷ್ಟ್ರು: ನಂಜುಂಡೇಶ.

ನಂಜುಂಡೇಶ್: ಸಾ.

ಮೇಷ್ಟ್ರು: ಆ ಬ್ಯಾಟರಿ ಯಾವಾಗ ಹಾಕ್ತೀಯ?

ನಂಜುಂಡೇಶ್: ತಂಗಳು ಅಂದ್ರಲ್ಲ ಸಾ?

ಮೇಷ್ಟ್ರು: ಕಾಫಿಗಿಲ್ಲದ ದೋಷ ಬ್ಯಾಟರಿಗೆ ಯಾಕೋ? ಎದುರು ವಾದ ಮಾಡಬೇಡ. ಹಾಕು.

ನಂಜುಂಡೇಶ್: ಬರೋ ವಾರ ಆಗ್ತದೆ ಸಾ.

ಮೇಷ್ಟ್ರು: ಇವತ್ತಿಗೆ?

ಮೂವರ ಕಣ್ಣೂ ಹಗ್ಗದ ಮೇಲೆ ಬಿತ್ತು. ಕಾವೇರಮ್ಮ ಎಡಗೈಯಲ್ಲಿ ಪಂಚೆಗಳನ್ನು ಒಂದೊಂದಾಗಿ ಎಳೆದು ತೆಗೆದರು. ಗಂಟು ಬಿಚ್ಚಲು ಬರಲಿಲ್ಲ. ನಂಜುಂಡೇಶ್ ಕತ್ತರಿಸಿ ಬಿಡಿಸಿ ರಾಟೆಗೆ ಹಾಕಿಕೊಟ್ಟ. ಹಗ್ಗದ ತುದಿಯನ್ನು ಕಾವೇರಮ್ಮ ಗಂಡನ ಕೈಗೆ ಇಟ್ಟರು.

ಮೊದಲನೆಯ ಬಿಂದಿಗೆ ನೀರಿನಲ್ಲಿ ಮುಳುಗಲೇ ಇಲ್ಲ, ಬಾತುಕೋಳಿಯ ಹಾಗೆ ತೇಲಿತು. ಹಗ್ಗ ಹೇಗೆ ಜಾಡಿಸಬೇಕೆಂದು ಕಾವೇರಮ್ಮ ಹೇಳಿಕೊಟ್ಟರು. ಎರಡನೆಯ ಸಲ ಮುಳುಗಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಕಾಲು ಅಗಲಿಸಿ ಎಳೆದರು. ರಾಟೆ ಎರಡು ವರ್ಷದ ಮೇಲೆ ಕಿರ್ರೋ ಎಂದು ಕೂಗಿತು.

ಮೇಷ್ಟ್ರು: ನಾರಾಯಣ... ನಾರಾಯಣ... ನಾರಾಯಣ...

ಕಾವೇರಮ್ಮ: ಹೇಗಿದೆ, ನೋವು ತಿಳೀತಿದೆಯಾ?

ಮೇಷ್ಟ್ರು: ತಿಳೀತಿದೆ ಕಣೇ.

ಅವರು ಅದನ್ನು ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದರಿಂದ ಕಾವೇರಮ್ಮನ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧವನ್ನು ಅವರು ಹಾಗೇ ಇಟ್ಟುಕೊಂಡರು.

ಮೇಷ್ಟ್ರು: ಎರಡಾಯ್ತು. ಸಾಕಲ್ವಾ?

ಕಾವೇರಮ್ಮ: ಎರಡು ಪೂಜೆಗೆ. ಅಡುಗೆಗೆ, ಕುಡಿಯೋಕೆ, ಪಾತ್ರೆ ತೊಳೆಯೋಕೆ ಎಲ್ಲಾ ಸೇರಿ ಹನ್ನೆರಡು. ದಿನಾ ಅಷ್ಟೇ.

ಮೇಷ್ಟ್ರು: ದಿನಾ ಹನ್ನೆರಡಾ? ಮೂವತ್ತೊಂಬತ್ತು ವರ್ಷ?

ಅಂಗೈ ನೋಡಿಕೊಂಡು, ಊದಿಕೊಂಡು, ಮೇಷ್ಟ್ರು ಮೂರನೆಯ ಬಿಂದಿಗೆ ಇಳಿಸಿದರು. ಅದು ಮೇಲೆ ಬರುವ ಹೊತ್ತಿಗೆ ನಡುಮನೆಯಲ್ಲಿ ಫ್ಯಾನು ಸದ್ದಿಲ್ಲದೆ ತಿರುಗತೊಡಗಿತು. ಕಾವೇರಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಒಳಗೆ ಹೋಗಿ ಫ್ಯಾನು ಆರಿಸಿದರು. ಮೋಟಾರಿನ ಗುಂಡಿಯ ತಂಟೆಗೆ ಮಾತ್ರ ಹೋಗಲಿಲ್ಲ. ಹೊರಗೆ ಬಂದು, ಒಗೆಯುವ ಕಲ್ಲಿನ ಮೇಲೆ ಕಾಲು ಚಾಚಿ ಕೂತರು. ಆ ರಾಟೆಯ ಸದ್ದನ್ನು ಕೂತು ಕೇಳಿದ್ದು ಅವರ ಬದುಕಿನಲ್ಲಿ ಅದೇ ಮೊದಲು. ಬಹಳ ಹಿತವಾಗಿತ್ತು.

ಮೇಷ್ಟ್ರು: ಲೋ ನಂಜುಂಡೇಶ! ಕರೆಂಟ್ ಬಂತೇನೋ ನೋಡೋ!

ನಂಜುಂಡೇಶ್ ಇನ್ವರ್ಟರ್ ಪೆಟ್ಟಿಗೆಯ ಕಡೆ ನೋಡಿದ. ಹಸಿರು ದೀಪ ಉರಿಯುತ್ತಿತ್ತು. ಕಾವೇರಮ್ಮನ ಕಡೆ ನೋಡಿದ. ಅವರು ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಿದ್ದರು.

ನಂಜುಂಡೇಶ್: ಎಲ್ ಬಂತು ಸಾ? ಇನ್ನೂ ಕೆಂಪ್ ಲೈಟೇ ಅದೆ.

ಕಾವೇರಮ್ಮ: ಇನ್ನು ಒಂಬತ್ತೇ ಬಿಂದಿಗೆ ಕಣ್ರೀ.